ಮುಪ್ಪಿನ ತಂದೆತಾಯಿಗಳ ಯೋಗಕ್ಷೇಮ

(ಶ್ರೀ ಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಮಹೋತ್ಸವದ ಈ ದಿನಗಳಲ್ಲಿ ಶ್ರೀ ಮಠದ ದಾಸೋಹದ ಪಂಕ್ತಿಯು ಮುಂಜಾನೆಯಿಂದ ರಾತ್ರಿಯ ವರೆಗೆ ಮುರಿಯದೆ ಸಾಗಿರುವದು. ಜಮಖಂಡಿ ಮುಧೋಳಗಳ ಒಕ್ಕಲಿಗರು ಬೆಲ್ಲವನ್ನೂ ಜೋಳವನ್ನೂ ತಂದು ಒಪ್ಪಿಸಿರುವರು. ರಬಕವಿ-ಬನಹಟ್ಟಿಯ ನೇಕಾರರು ಮಗ್ಗ ನಿಲ್ಲಿಸಿ ಸೇವೆಗೆ ನಿಂತಿರುವರು. ಇದೆಲ್ಲವೂ ಧರ್ಮಕ್ಕೆ ಭೂಷಣವೇ ಸರಿ. ಆದರೆ ಇದೇ ಪಂಕ್ತಿಯ ಕೊನೆಯಲ್ಲಿ ಕುಳಿತ ಮುದುಕ ಮುದುಕಿಯರನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಪ್ರಸಾದದ ಮೇಲಿನ ಭಕ್ತಿಯಿಂದ ಬಂದವರು ಕೆಲವರು. ಮನೆಯಲ್ಲಿ ಈ ತಿಂಗಳು ಯಾರ ಪಾಳಿಯೆಂಬ ಜಗಳ ತೀರದೆ ಇದ್ದುದರಿಂದ ಬಂದವರು ಕೆಲವರು. ಇಂದಿನ ಮಾತು ಈ ಎರಡನೆಯವರನ್ನು ಕುರಿತದ್ದು.

ತಂದೆತಾಯಿಗಳನ್ನು ಸಲಹಬೇಕೆಂಬುದನ್ನು ಅರಿಯದವರು ಈ ಸಭೆಯಲ್ಲಿ ಒಬ್ಬರೂ ಇಲ್ಲ. ಹೀಗಿದ್ದೂ ಸಲಹುವಲ್ಲಿ ಕೊರತೆ ಬೀಳುವದೇಕೆ? ಮಕ್ಕಳೆಲ್ಲರೂ ಕಠಿಣ ಹೃದಯದವರೆಂದು ಹೇಳುವದು ಸುಲಭ, ಆದರೆ ಸತ್ಯವಲ್ಲ. ಹಿಂದೆ ಒಂದೇ ಪಡಸಾಲೆಯಲ್ಲಿ ಮೂರು ತಲೆಮಾರು ಬದುಕುತ್ತಿದ್ದಾಗ ಮುಪ್ಪಿನ ಸೇವೆಗೆ ಬೇರೆ ಏರ್ಪಾಟು ಬೇಕಿರಲಿಲ್ಲ. ಒಬ್ಬರು ಹೊಲಕ್ಕೆ ಹೋದರೆ ಇನ್ನೊಬ್ಬರು ಮನೆಯಲ್ಲಿರುತ್ತಿದ್ದರು. ಜಮಖಂಡಿ ಮುಧೋಳಗಳು ಬೇರೆ ಬೇರೆ ಸಂಸ್ಥಾನಗಳಾಗಿದ್ದ 1948ರ ಹಿಂದಿನ ಕಾಲದ ಆ ಮನೆ ಈಗ ಉಳಿದಿಲ್ಲ. ಮಳೆಯನ್ನೇ ನಂಬಿದ ಹಳ್ಳಿಗಳ ತರುಣರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುವರು. ಬೀಳಗಿಯ ಕಡೆಗೆ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಮನೆಗಳು ಪುನರ್ವಸತಿ ಕೇಂದ್ರಗಳಿಗೆ ಸಾಗಿದವು. ಕಟ್ಟೆಯ ಮೇಲೆ ಕೂಡುತ್ತಿದ್ದ ವಾರಿಗೆಯವರು ಒಬ್ಬರೊಂದು ಕಡೆಗಾದರು. ನೇಕಾರರ ಮನೆಯಲ್ಲಿಯಾದರೋ ಮಗ್ಗವೂ ಮನೆಯೂ ಒಂದೇ. ಕಣ್ಣು ಮಂಜಾದ ತಾಯಿ ಕಂಡಿಕೆ ಸುತ್ತಲಾರದೆ ಮೂಲೆಯಲ್ಲಿ ಕುಳಿತರೆ, ವಿದ್ಯುತ್ ಮಗ್ಗದ ಸಪ್ಪಳದಲ್ಲಿ ಅವಳ ಮಾತು ಯಾರಿಗೂ ಕೇಳಿಸದು, ಯಾರ ಮಾತೂ ಅವಳಿಗೆ ಕೇಳಿಸದು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 60 ವರ್ಷ ಮೀರಿದವರು ಸುಮಾರು 10 ಕೋಟಿ 40 ಲಕ್ಷ ಜನರಿದ್ದರು. ಆಯುಷ್ಯ ಬೆಳೆಯಿತು, ಮನೆ ಸಣ್ಣದಾಯಿತು. ಆದುದರಿಂದ ತಾನಾಗಿ ನಡೆಯುತ್ತಿದ್ದ ಸೇವೆಯನ್ನು ಇನ್ನು ಮುಂದೆ ವಿಚಾರಮಾಡಿ ಏರ್ಪಡಿಸತಕ್ಕದ್ದಾಗಿದೆ.

ಎಲ್ಲಕ್ಕೂ ಮೊದಲು ಒಂದು ಕೆಟ್ಟ ರೂಢಿಯನ್ನು ಬಿಡಬೇಕು. ವಾಟಣಿಯಾಗುವಾಗ ಹೊಲ, ಮನೆ, ದನ, ಮಗ್ಗಗಳನ್ನು ಹಂಚಿಕೊಂಡಂತೆ ಹೆತ್ತವರನ್ನೂ ಹಂಚಿಕೊಳ್ಳುವದುಂಟು. ತಂದೆ ಹಿರಿಯವನ ಪಾಲಿಗೆ, ತಾಯಿ ಕಿರಿಯವನ ಪಾಲಿಗೆ! ಐವತ್ತು ವರ್ಷ ಒಂದೇ ಒಲೆಯ ಮುಂದೆ ಉಂಡವರು ಒಂದೇ ಓಣಿಯ ಎರಡು ಮನೆಗಳಲ್ಲಿ ಒಬ್ಬರ ಮುಖವನ್ನೊಬ್ಬರು ಕಾಣದೆ ಕಾಲ ಕಳೆಯುವರು. ಇನ್ನು ಕೆಲವೆಡೆ ತಿಂಗಳಿಗೊಮ್ಮೆ ಪಾಳಿ. ತಿಂಗಳ ಕೊನೆಯ ದಿನ ತಾಯಿ ತನ್ನ ಗಂಟನ್ನು ಕಟ್ಟಿಕೊಂಡು ಮುಂದಿನ ಮಗನ ಹೊಸ್ತಿಲಿಗೆ ಬರುವಳು. ತಿಂಗಳಿಗೆ ಮೂವತ್ತೊಂದು ದಿನವಿದ್ದರೆ ಆ ಒಂದು ದಿನ ಯಾರದೆಂದು ವಾದ ಹುಟ್ಟುವದು. ತಾಯಿ ಗಂಟು ಹೊತ್ತು ತಿರುಗುವದು ಬೇಡ, ಮಕ್ಕಳ ಸೇವೆ ತಿರುಗಲಿ. ತಂದೆತಾಯಿಗಳು ತಮಗೆ ಬೇಕಾದ ಒಂದೇ ಕಡೆಗೆ ಕೂಡಿ ಇರಲಿ. ಒಬ್ಬನು ಅನ್ನ ಹಾಕಿದರೆ ಇನ್ನೊಬ್ಬನು ಔಷಧದ ವೆಚ್ಚ ಕೊಡಲಿ, ದೂರದಲ್ಲಿರುವವನು ಹಣ ಕಳಿಸಲಿ, ವರ್ಷದಲ್ಲಿ ಕೆಲವು ದಿನ ತಾನೇ ಬಂದು ಬಳಿಯಲ್ಲಿರಲಿ. ಮಗಳನ್ನೂ ಈ ಮಾತಿನಿಂದ ಹೊರಗಿಡಲಾಗದು. ಮದುವೆಯಾದ ಮಗಳಿಗೂ ಹೆತ್ತವರನ್ನು ಪೋಷಿಸುವ ಹೊಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿಯೇ ಹೇಳಿದೆ. ಪಾಲಿನಲ್ಲಿ ಸಮಾನಳಾದವಳು ಸೇವೆಯಲ್ಲಿಯೂ ಸಮಾನಳು.

ಯೋಗ್ಯವಾದ ಸೇವೆಯೆಂದರೆ ಯಾವುದು? ಹೊಟ್ಟೆಗೆ ಹಾಕುವದಷ್ಟೇ ಅಲ್ಲ. ಹಲ್ಲಿಲ್ಲದ ಬಾಯಿಗೆ ಕಟಕ ರೊಟ್ಟಿಯನ್ನು ಕೊಟ್ಟು, ಉಣ್ಣಲಿಲ್ಲವೆಂದು ದೂರುವದು ಸೇವೆಯಲ್ಲ. ಅದನ್ನು ಹಾಲಿನಲ್ಲಿ ನೆನೆಯಿಸಿ, ಅಥವಾ ನುಚ್ಚನ್ನೋ ಗಂಜಿಯನ್ನೋ ಮಾಡಿ, ಹೊತ್ತಿಗೆ ಸರಿಯಾಗಿ ಕೊಡುವದು ಸೇವೆ. ರಾತ್ರಿ ಎದ್ದವರು ಎಡವಿ ಬಿದ್ದು ತೊಡೆಯೆಲುಬು ಮುರಿದುಕೊಂಡರೆ ಮತ್ತೆ ಏಳುವದು ಕಷ್ಟ; ಆದುದರಿಂದ ಹಾಸಿಗೆಯ ಬಳಿ ದೀಪ, ಬಚ್ಚಲಲ್ಲಿ ಹಿಡಿದುಕೊಳ್ಳಲು ಆಸರೆ, ಜಾರದ ನೆಲ ಇವು ಅವಶ್ಯ. ಕಣ್ಣಿನ ಪೊರೆ ಬಂದವರನ್ನು ವಯಸ್ಸಾಯಿತೆಂದು ಕುರುಡರಾಗಿ ಕೂಡ್ರಿಸಬಾರದು. ಶಸ್ತ್ರಕ್ರಿಯೆಯಿಂದ ಬಹುಮಟ್ಟಿಗೆ ದೃಷ್ಟಿ ಮರಳಿ ಬರುವದು. ಮರವು ಹೆಚ್ಚಿ ಹೇಳಿದ್ದನ್ನೇ ಹೇಳುವವರನ್ನು ಗದರಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಅದು ಹಟವಲ್ಲ, ರೋಗವಿರಬಹುದು.

ಲಿಂಗಪೂಜೆಯ ಮಾತೊಂದು ಇಲ್ಲಿ ಹೇಳಲೇಬೇಕು. ಬಾಲ್ಯದಿಂದ ಕರಸ್ಥಲದಲ್ಲಿ ಲಿಂಗವನ್ನು ಧರಿಸಿ ಪೂಜಿಸಿದ ಮುದುಕನಿಗೆ ಒಂದು ದಿನ ಅಂಗೈ ನಡುಗತೊಡಗುವದು. ಲಿಂಗ ಜಾರೀತೆಂಬ ಅಂಜಿಕೆಯಿಂದ ಅವನು ಪೂಜೆಯನ್ನು ಮೊಟಕು ಮಾಡುವನು, ಯಾರಿಗೂ ಹೇಳನು. ಆಗ ಮಗನೋ ಮೊಮ್ಮಗನೋ ಬಳಿಯಲ್ಲಿ ಕುಳಿತು, ಆ ನಡುಗುವ ಕೈಯ ಕೆಳಗೆ ತನ್ನ ಕೈಯನ್ನು ಇಟ್ಟರೆ ಸಾಕು. ವಿಭೂತಿ, ಪತ್ರಿ, ನೀರು ಎಲ್ಲವನ್ನೂ ಸಿದ್ಧಮಾಡಿ ಕೊಟ್ಟವನಿಗಿಂತ ಹೀಗೆ ಕೈಯಿಟ್ಟವನ ಸೇವೆ ದೊಡ್ಡದು. ಅಂದು ಕೈಹಿಡಿದು ಪೂಜೆ ಕಲಿಸಿದವರು ಅವರೇ ಅಲ್ಲವೇ?

ಈ ಸೇವೆಯ ಭಾರವನ್ನು ಹೊರುವವರು ಯಾರೆಂಬುದನ್ನೂ ನೋಡಬೇಕು. ಮಗನು ಹೆಸರು ಪಡೆಯುವನು; ಸೊಸೆ ಹಾಸಿಗೆ ತೊಳೆಯುವಳು. ಕಾಯಕದ ಮಹಿಮೆಯನ್ನು ಸಾರಿದ ಧರ್ಮದಲ್ಲಿ ಗಂಡಸಿಗೆ ಈ ಕಾಯಕ ಹೀನವೆಂಬ ಭಾವನೆ ಇರತಕ್ಕದ್ದಲ್ಲ. ಜೇಡರ ದಾಸಿಮಯ್ಯನು ನೆಯ್ದನು, ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆದನು. ಕೈಯ ಕೆಲಸಕ್ಕೆ ಶರಣರು ನಾಚಲಿಲ್ಲ. ತಂದೆಯ ಮೈ ತೊಳೆಯುವ ಕೆಲಸಕ್ಕೆ ಮಗನು ನಾಚಲಾಗದು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಇದಕ್ಕಿಂತ ಬೇರೆಯಲ್ಲ.

ಇನ್ನು ಆಸ್ತಿಯ ಮಾತು. ಪ್ರೀತಿಯಿಂದಲೋ ಒತ್ತಾಯದಿಂದಲೋ ಜೀವಂತವಿರುವಾಗಲೇ ಉತಾರದಲ್ಲಿ ಮಕ್ಕಳ ಹೆಸರು ಹಚ್ಚಿಸಿ ಬರಿಗೈಯಾದ ಹಿರಿಯರು ಎಷ್ಟೋ ಜನ. ಹಿರಿಯರು ತಮ್ಮ ಕಾಲಾನಂತರ ಸಲ್ಲುವಂತೆ ಮೃತ್ಯುಪತ್ರ ಬರೆಯುವದು ಲೇಸು. ಬಕ್ಷೀಸು ಪತ್ರವನ್ನೇ ಮಾಡಬೇಕಾದರೆ, ಬದುಕಿರುವ ವರೆಗೆ ತಮ್ಮನ್ನು ಪೋಷಿಸಬೇಕೆಂಬ ಕರಾರನ್ನು ಅದರಲ್ಲಿಯೇ ಸ್ಪಷ್ಟವಾಗಿ ಬರೆಯಿಸತಕ್ಕದ್ದು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯದೆಯ 23ನೆಯ ಕಲಮಿನ ಮೇರೆಗೆ ಇಂಥ ಕರಾರು ಮುರಿದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಕರಾರು ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಈ ಕಾಯದೆಯನ್ನು ಹಿರಿಯರ ಹಿತಕ್ಕೆ ಒದಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಹೇಗೂ ಬರೆದಿಟ್ಟವನಿಗೆ ಭಯವಿಲ್ಲ.

ಅದೇ ಕಾಯದೆಯ ಪ್ರಕಾರ ತಮ್ಮ ಗಳಿಕೆಯಿಂದ ಜೀವಿಸಲಾರದ ತಂದೆತಾಯಿಗಳು ಮಕ್ಕಳಿಂದ ಪೋಷಣೆಯ ವೆಚ್ಚ ಕೇಳಬಹುದು; ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರನಾಗುವ ಬಂಧುವಿನಿಂದ ಕೇಳಬಹುದು. ಜಮಖಂಡಿ ಉಪವಿಭಾಗದವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಜಮಖಂಡಿಯ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಸ್ವತಃ ಹೋಗಲಾರದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬರೂ, ಒಂದು ಸಂಸ್ಥೆಯೂ ಅರ್ಜಿ ಸಲ್ಲಿಸಬಹುದು. ನೋಟೀಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದೂ, ತಿಂಗಳಿಗೆ 10,000 ರೂಪಾಯಿಗಳ ವರೆಗೆ ಪೋಷಣೆ ಕೊಡಿಸಬಹುದೆಂದೂ ಆ ಕಾಯದೆಯಲ್ಲಿದೆ. ಹೆತ್ತವರನ್ನು ಎಲ್ಲಿಯಾದರೂ ಬಿಟ್ಟುಹೋದವನಿಗೆ ಮೂರು ತಿಂಗಳ ವರೆಗೆ ಸೆರೆಮನೆಯುಂಟು. 14567 ಎಂಬ ಸಹಾಯವಾಣಿಯನ್ನು ಹಿರಿಯರಿಗೆ ಬಾಯಿಪಾಠ ಮಾಡಿಸಬೇಕು.

ಆದರೂ ಕೋರ್ಟು ಕಚೇರಿ ಕಡೆಯ ಉಪಾಯ. ಆಜ್ಞೆಯಿಂದ ಹಣ ಬಂದೀತು, ಮಗನು ಬಾರನು. ಮಗನ ಮೇಲೆ ಅರ್ಜಿ ಹಾಕಿ ಬಂದ ರಾತ್ರಿ ತಾಯಿಗೆ ನಿದ್ರೆ ಹತ್ತೀತೇ? ಅದಕ್ಕೂ ಮೊದಲು ಓಣಿಯ ಹಿರಿಯರೂ, ದೈವದವರೂ, ಮಠವೂ ಮಧ್ಯ ಬರಬೇಕು. ನೆರೆಮನೆಯಲ್ಲಿ ಮುದುಕಿ ಹಸಿದಿರುವದನ್ನು ಬಲ್ಲವನು, ಅದು ಅವರ ಮನೆಯ ಮಾತೆಂದು ಸುಮ್ಮನಿದ್ದರೆ ಗಣಾಚಾರಕ್ಕೆ ಕೊರತೆ ಬಂತೆಂದೇ ತಿಳಿಯಬೇಕು.

ಶ್ರೀ ಮಠವು ಒಂದು ವೃದ್ಧಾಶ್ರಮ ಕಟ್ಟಲಿ ಎಂದು ಭಕ್ತರಲ್ಲಿ ಕೆಲವರು ಬಯಸುವದುಂಟು. ಬಯಕೆ ಒಳ್ಳೆಯದು. ಯಾರೂ ಇಲ್ಲದವರಿಗೆ ಅಂಥ ಆಸರೆ ಬೇಕೇ ಬೇಕು. ಅಲ್ಲಿರುವವರನ್ನು ಹೀನವಾಗಿ ಕಾಣಲೂಬಾರದು. ಆದರೆ ಇರುವ ಮಕ್ಕಳಿಗೆ ಭಾರ ಇಳಿಸುವ ಕಟ್ಟೆಯಾಗಿ ಅದು ನಿಲ್ಲಬಾರದು. ಇಂದು ಅವಶ್ಯವಾದದ್ದು ಕಟ್ಟಡಕ್ಕಿಂತ ಮೊದಲು ಜನ. ಪ್ರತಿಯೊಂದು ಊರಿನಲ್ಲಿ ಇಬ್ಬರು ಮೂವರು ಸದ್ಭಕ್ತರು ಒಂಟಿಯಾಗಿರುವ ಹಿರಿಯರ ಯಾದಿಯನ್ನು ಮಾಡಲಿ. ವಾರಕ್ಕೊಮ್ಮೆ ಹೋಗಿ ಮಾತಾಡಿಸಲಿ. ಸಂಧ್ಯಾ ಸುರಕ್ಷಾ ಮಾಸಾಶನದ ಅರ್ಜಿಯನ್ನು ತುಂಬಿಕೊಡಲಿ. ಆಸ್ಪತ್ರೆಗೆ ಜೊತೆಗೆ ನಡೆಯಲಿ. ಮಗ್ಗದ ಮನೆಯವರು ದುಡಿಯುವ ಹೊತ್ತಿನಲ್ಲಿ ಮಠದ ಪಡಸಾಲೆಯು ಅವರ ಹಿರಿಯರಿಗೆ ಸಪ್ಪಳವಿಲ್ಲದ ವಿಶ್ರಾಂತಿಯ ತಾಣವಾಗಲಿ. ಸಂಜೆಗೆ ಮಕ್ಕಳೇ ಬಂದು ಕರೆದೊಯ್ಯಲಿ. ಹೀಗಾದರೆ ಬಡ ನೇಕಾರನಿಗೆ ದುಡಿಮೆಯೂ ಉಳಿಯುವದು, ತಂದೆಯೂ ಮನೆಯಲ್ಲಿ ಉಳಿಯುವನು.

ಶರಣ ಬಂಧುಗಳೇ, ಉತ್ಸವ ಮುಗಿಸಿ ಎಲ್ಲರೂ ಪ್ರಸಾದದ ಗಂಟನ್ನು ಕಟ್ಟಿಕೊಂಡು ಊರಿಗೆ ಮರಳುವಿರಿ. ಆ ಪ್ರಸಾದವನ್ನು ಮನೆಯ ಮಾಡದಲ್ಲಿ ಇಡುವದಕ್ಕೆ ಮೊದಲು ಮೂಲೆಯ ಹಾಸಿಗೆಯ ಬಳಿ ಕುಳಿತು ಅವರ ಬಾಯಿಗೆ ಇಡಿರಿ; ನಿಮಗೆ ಏನು ಬೇಕೆಂದು ಒಮ್ಮೆ ಕೇಳಿರಿ. ಅವರು ಏನೂ ಬೇಡವೆನ್ನುವರು. ಆದರೂ ಅಲ್ಲಿಯೇ ತುಸು ಹೊತ್ತು ಕುಳಿತಿರಿ. ಎಲ್ಲರಿಗೂ ಮಂಗಳವಾಗಲಿ.

ಶಿವಾರ್ಪಣಮಸ್ತು.