ಧಮನಿಯನ್ನು ಮಾತನಾಡಿಸುವ ಬಗೆ

ಮೈತುಂಬಿಕೊಂಡವರನ್ನು ಕಂಡರೆ ‘ಅನುಕೂಲವಾಗಿದ್ದಾರೆ’ ಎನ್ನುವುದು ನಮ್ಮಲ್ಲಿ ರೂಢಿ. ಹೊಟ್ಟೆ ಬಂದದ್ದನ್ನು ಸಿರಿಯ ಗುರುತೆಂದು ಎಣಿಸುವವರೂ ಉಂಟು. ಆ ಸಿರಿಯ ಭಾರವನ್ನು ನಮ್ಮ ರಕ್ತನಾಳಗಳು ಹೇಗೆ ತಾಳಿಕೊಂಡಿವೆ? ಸೂಜಿ ಚುಚ್ಚದೆ, ಮೈ ಕೊಯ್ಯದೆ ಇದನ್ನು ತಿಳಿಯುವ ಉಪಾಯವಿದೆ.

ಹೃದಯದಿಂದ ರಕ್ತವನ್ನು ಒಯ್ಯುವ ನಾಳವೇ ಧಮನಿ. ಸಂಸ್ಕೃತದಲ್ಲಿ ಈ ಪದದ ಧಾತುವಿಗೆ ‘ಊದು’ ಎಂಬ ಅರ್ಥ. ಕೇಳಿದೊಡನೆ ಕಮ್ಮಾರನ ತಿದಿ ನೆನಪಾಗುತ್ತದೆ. ನಿಜಕ್ಕೂ ಧಮನಿಯು ನಲ್ಲಿಯ ಕೊಳವೆಯಂತೆ ಜಡವಲ್ಲ. ಅದರ ಒಳಮೈಯಲ್ಲಿ ಜೀವಕೋಶಗಳ ಒಂದೇ ಪದರದ ಹಾಸು ಇದೆ. ರಕ್ತದ ಹರಿವು ಹೆಚ್ಚಿದಾಗ ಈ ಹಾಸು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಸುತ್ತಣ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಈ ಅನಿಲದ ಕಾರ್ಯವನ್ನು ಬೆಳಕಿಗೆ ತಂದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಿಗ್ಗುವ ಈ ಶಕ್ತಿ ಉಳಿದಿದೆಯೇ ಎಂದು ಧಮನಿಯನ್ನೇ ಕೇಳಬಹುದು. ಲಂಡನ್ನಿನಲ್ಲಿ ಸೆಲರ್ಮೇಯರ್ ಮತ್ತು ಸಂಗಡಿಗರು ಈ ಪರೀಕ್ಷೆಯನ್ನು 1992ರಲ್ಲಿ ಪ್ರಕಟಿಸಿದರು. ರಕ್ತದ ಒತ್ತಡ ನೋಡುವ ಪಟ್ಟಿಯನ್ನು ಕೈಗೆ ಬಿಗಿದು ಸುಮಾರು 5 ನಿಮಿಷ ರಕ್ತವನ್ನು ತಡೆಯುತ್ತಾರೆ. ಸಡಿಲಿಸಿದೊಡನೆ, ಕೆರೆಯ ತೂಬು ತೆಗೆದಂತೆ ರಕ್ತ ನುಗ್ಗುತ್ತದೆ. ಆಗ ತೋಳಿನ ಧಮನಿ ಎಷ್ಟು ಅಗಲವಾಯಿತೆಂದು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುತ್ತಾರೆ. ಹಿಗ್ಗುವುದು ನೂರಕ್ಕೆ ಕೆಲವೇ ಪಾಲು. ಆದರೆ ಆ ಕೆಲವೇ ಪಾಲಿನಲ್ಲಿ ನಾಳದ ಆರೋಗ್ಯ ಅಡಗಿದೆ.

ಇನ್ನೊಂದು ಪರೀಕ್ಷೆ ನಾಡಿಯ ಅಲೆಯದು. ಕುತ್ತಿಗೆಯಿಂದ ತೊಡೆಯ ಸಂದಿಗೆ ಆ ಅಲೆ ಸಾಗುವ ವೇಗವನ್ನು ಲೆಕ್ಕಹಾಕುತ್ತಾರೆ. ನಾಳ ಪೆಡಸಾದಷ್ಟೂ ಅಲೆಯ ಓಟ ಹೆಚ್ಚು. ಸೆಕೆಂಡಿಗೆ 10 ಮೀಟರು ಮೀರಿದರೆ ಅದು ಎಚ್ಚರಿಕೆಯ ಗಂಟೆ.

ಬೊಜ್ಜು ಬೆಳೆದವರಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಬೆಳೆದವರಲ್ಲಿ, ಎದೆನೋವು ಮೊದಲಾದ ಲಕ್ಷಣ ತೋರುವ ಮುನ್ನವೇ ಧಮನಿಯ ಹಿಗ್ಗು ಕುಗ್ಗಿರುವುದುಂಟು. ಇದು ಅಂಜಿಸುವ ಮಾತಲ್ಲ, ಭರವಸೆಯ ಮಾತು. ಏಕೆಂದರೆ ಈ ಹಂತದ ಕೆಡುಕು ಬಹುಮಟ್ಟಿಗೆ ತಿದ್ದಬಹುದಾದದ್ದು. ತೂಕ ಇಳಿದು, ಮೈಗೆ ವ್ಯಾಯಾಮ ದೊರೆತರೆ ಧಮನಿಯು ಮತ್ತೆ ಹಿಗ್ಗುವುದನ್ನು ಇದೇ ಪರೀಕ್ಷೆಗಳು ತೋರಿಸಿವೆ.

ಹಾಗೆಂದು ನಾಳೆಯೇ ಯಂತ್ರವನ್ನು ಹುಡುಕಿ ಹೊರಡಬೇಕಿಲ್ಲ. ತೋಳಿನ ಪರೀಕ್ಷೆಗೆ ನುರಿತ ಕೈ ಬೇಕು. ಮುಂಚೆ ಕುಡಿದ ಕಾಫಿಯೂ ಸೇದಿದ ಸಿಗರೇಟೂ ಫಲವನ್ನು ಬದಲಿಸಬಲ್ಲವು. ಅದು ಹೆಚ್ಚಾಗಿ ನಡೆಯುವುದು ಸಂಶೋಧನಾಲಯಗಳಲ್ಲಿ. ನಿಮಗೆ ದರ್ಜಿಯ ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಿದ್ದರೆ, ವೈದ್ಯರಲ್ಲಿ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಸಂಜೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ನೆರೆ ಬರುವ ಮುನ್ನ ಕಟ್ಟೆ ಕಟ್ಟಬೇಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.