ಬಲೆಯ ಗಂಟು, ಜಾಲಾಕೃತಿಯ ಸೂತ್ರ

(ಕಾನಹೊಸಹಳ್ಳಿ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಏನಪ್ಪಾ, ಕಂಪ್ಯೂಟರ್ ಮುಂದೆ ಕೂತು ಅದೇನು ಮಾಡ್ತೀಯ?" ಅಂತ. "ಸಾಫ್ಟ್‌ವೇರ್" ಎಂದು ಹೇಳಿ ಇಷ್ಟು ವರ್ಷ ತಪ್ಪಿಸಿಕೊಂಡಿದ್ದೇನೆ. ಇವತ್ತು ಸರಿಯಾಗಿ ಉತ್ತರ ಕೊಡುತ್ತೇನೆ. ಏಕೆಂದರೆ ಆ ಕೆಲಸದ ತಿರುಳನ್ನು ನಾನು ಮೊದಲು ನೋಡಿದ್ದು ಈ ಶಾಲೆಯ ಕಪ್ಪು ಹಲಗೆಯ ಮೇಲೆ.

ಒಂದು ಕಬ್ಬಿಣದ ಭಾಗ ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಅದನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಇಡೀ ಭಾಗದ ಲೆಕ್ಕ ಒಂದೇ ಏಟಿಗೆ ಆಗದು. ಅದಕ್ಕೇ ಅದನ್ನು ಸಾವಿರಾರು ಚಿಕ್ಕ ಚಿಕ್ಕ ಚೌಕ, ತ್ರಿಕೋನಗಳಾಗಿ ವಿಂಗಡಿಸುತ್ತೇವೆ. ಒಂದೊಂದು ತುಂಡಿಗೂ ಎಲಿಮೆಂಟ್ ಎನ್ನುತ್ತಾರೆ, ಅದರ ಮೂಲೆಗಳಿಗೆ ನೋಡ್, ಎಲ್ಲ ಸೇರಿದ್ದಕ್ಕೆ ಮೆಶ್. ಈ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ಅಮೆರಿಕದ ಎಂಜಿನಿಯರ್ ರೇ ಕ್ಲಫ್ 1960ರಲ್ಲಿ ಕೊಟ್ಟರು. ಇವತ್ತು ವಿಮಾನ, ಸೇತುವೆ, ಟ್ರ್ಯಾಕ್ಟರ್, ಎಲ್ಲದಕ್ಕೂ ಇದೇ ಲೆಕ್ಕ.

ಮೆಶ್ ಎಂದರೆ ಬಲೆ. ನಮ್ಮ ಕಡೆ ಕುರಿಯವರು ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಸುತ್ತ ಗೂಟ ನೆಟ್ಟು ಬಲೆ ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಎರಡು ಬಲೆಗಳ ತುದಿಗಳನ್ನು ಪಕ್ಕಪಕ್ಕ ಇಟ್ಟರೆ ದೂರದಿಂದ ಒಂದೇ ಬಲೆಯ ಹಾಗೆ ಕಾಣುತ್ತದೆ. ಆದರೆ ನಡುವೆ ಗಂಟು ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಮರಿಗಳು ಪಕ್ಕದ ಹೊಲದಲ್ಲಿರುತ್ತವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಆಯಿತು. ಎರಡು ತಗಡುಗಳನ್ನು ಬೆಸೆದ ಒಂದು ಭಾಗದ ಲೆಕ್ಕ ನನ್ನದು. ಬೆಸುಗೆಯ ಸಾಲಿನ ಅರ್ಧದಷ್ಟು ಉದ್ದಕ್ಕೆ ಒಂದೇ ಜಾಗದಲ್ಲಿ ಎರಡೆರಡು ನೋಡ್‌ಗಳು ಉಳಿದುಬಿಟ್ಟಿದ್ದವು. ಒಂದು ಎಡ ತಗಡಿನದು, ಒಂದು ಬಲ ತಗಡಿನದು. ಕಣ್ಣಿಗೆ ಒಂದೇ ಚುಕ್ಕೆ. ಕಂಪ್ಯೂಟರ್ ಚಿತ್ರ ನೋಡುವುದಿಲ್ಲ, ನಂಬರ್ ನೋಡುತ್ತದೆ. ನಂಬರ್ ಬೇರೆಯಾದರೆ ಅದರ ಪಾಲಿಗೆ ನಡುವೆ ಸೀಳು. ಉಳಿದರ್ಧ ಸೇರಿದ್ದರಿಂದ ಲೆಕ್ಕ ನಿಲ್ಲಲಿಲ್ಲ, ತಕರಾರೂ ಬರಲಿಲ್ಲ. ಕೆಂಪು, ಹಳದಿ, ನೀಲಿ ಬಣ್ಣದ ಚೆಂದದ ಚಿತ್ರ ಬಂತು. ವರದಿ ಕಳಿಸಿದೆ.

ಮರುದಿನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಒಂದೇ ಮಾತು: "ಅಂಚು ನೋಡಿದ್ರಾ?" ನೋಡಿರಲಿಲ್ಲ. ನೋಡಿದಾಗ ತಗಡಿನ ನಟ್ಟನಡುವೆ ಒಂದು ಗೆರೆ ಎದ್ದು ಕಾಣಿಸಿತು. ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆಮೇಲೆ ಫೋನ್ ಮಾಡಿ, "ನನ್ನ ಲೆಕ್ಕ ತಪ್ಪಾಗಿದೆ, ಬಳಸಬೇಡಿ" ಎಂದೆ. ಆ ರಾತ್ರಿ ಮತ್ತೆ ಮೊದಲಿನಿಂದ ಮಾಡುವಾಗ ನಮ್ಮ ಗಣಿತದ ಮೇಷ್ಟ್ರು ನೆನಪಾದರು.

ನಾವು ಹತ್ತನೇ ತರಗತಿಯಲ್ಲಿದ್ದಾಗ ಜಾಲಾಕೃತಿ ಎಂಬ ಪಾಠವಿತ್ತು. ಬಿಂದುಗಳು ಎನ್, ವಲಯಗಳು ಆರ್, ಕಂಸಗಳು ಎ. ಎನ್ + ಆರ್ = ಎ + 2. ಪರೀಕ್ಷೆಯಲ್ಲಿ ಖಾತ್ರಿ ಬರುತ್ತದೆ ಎಂದು ಬಾಯಿಪಾಠ ಮಾಡಿದ್ದೆವು. ಇವತ್ತು ಅದನ್ನೇ ಇನ್ನೊಮ್ಮೆ ಮಾಡೋಣ. ಎರಡು ಚೌಕಗಳು ಒಂದು ಬದಿಯಲ್ಲಿ ಸೇರಿವೆ ಎನ್ನಿ. ಬಿಂದು 6, ಕಂಸ 7, ಹೊರಗಿನ ಬಯಲೂ ಸೇರಿ ವಲಯ 3. ಆರಕ್ಕೆ ಮೂರು ಒಂಬತ್ತು, ಏಳಕ್ಕೆ ಎರಡು ಒಂಬತ್ತು. ಸರಿಹೋಯಿತು. ಅವೇ ಚೌಕಗಳು ಅಂಟಿದಂತೆ ಕಂಡರೂ ಸೇರಿಲ್ಲ ಎನ್ನಿ. ಬಿಂದು 8, ಕಂಸ 8, ವಲಯ 3. ಈ ಕಡೆ ಹನ್ನೊಂದು, ಆ ಕಡೆ ಹತ್ತು. ಸೂತ್ರ ತಪ್ಪಿತು! ಕಣ್ಣಿಗೆ ಕಾಣದ ಸೀಳನ್ನು ಸೂತ್ರ ಹಿಡಿಯಿತು. "ಜಾಲಾಕೃತಿ ಬಿಡಿಬಿಡಿಯಾಗಿರಬಾರದು" ಎಂದು ಮೇಷ್ಟ್ರು ಯಾಕೆ ಒತ್ತಿ ಹೇಳುತ್ತಿದ್ದರು ಎಂಬುದು ನನಗೆ ಅರ್ಥವಾಗಲು ಅಷ್ಟು ವರ್ಷ ಬೇಕಾಯಿತು.

ಆದರೆ ನನ್ನದು ಅರ್ಧ ಸೀಳು, ಅದು ಈ ಸೂತ್ರಕ್ಕೂ ಸಿಗುವುದಿಲ್ಲ. ಅದಕ್ಕೆ ಒಂದೊಂದು ಅಂಚನ್ನೂ ಎಣಿಸಬೇಕು. ತಗಡಿನ ಒಳಗಿನ ಅಂಚನ್ನು ಎರಡು ಎಲಿಮೆಂಟ್‌ಗಳು ಹಂಚಿಕೊಂಡಿರುತ್ತವೆ. ಒಂದೇ ಎಲಿಮೆಂಟಿಗೆ ಸೇರಿದ ಅಂಚು ಹೊರಬದಿಯಲ್ಲಿ, ತೂತಿನ ಸುತ್ತ ಇದ್ದರೆ ಸರಿ. ನಡುವೆ ಕಂಡರೆ ಅಲ್ಲಿ ಗಂಟು ಬಿಟ್ಟಿದೆ. ಇನ್ನೊಂದು ತೊಂದರೆ, ಒಂದು ದೊಡ್ಡ ಚೌಕದ ಬದಿಗೆ ಎರಡು ಚಿಕ್ಕ ಚೌಕಗಳು ಬಂದು ನಿಂತಾಗ. ನಡುವಿನ ನೋಡ್ ಚಿಕ್ಕವಕ್ಕೆ ಮಾತ್ರ ಸೇರಿ, ದೊಡ್ಡದಕ್ಕೆ ಸೇರದೆ ನೇತಾಡುತ್ತದೆ. ಅಲ್ಲಿ ದೊಡ್ಡ ಚೌಕವನ್ನು ಒಡೆದು ಬಲೆಯನ್ನು ಹೊಸದಾಗಿ ಹೆಣೆಯಬೇಕು.

ಜೋಡಿ ನೋಡ್‌ಗಳನ್ನು ಸೇರಿಸಲು ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಎಷ್ಟು ಹತ್ತಿರವಿದ್ದರೆ ಸೇರಿಸಬೇಕು ಎಂದು ನಾವೇ ಹೇಳಬೇಕು. ಅಳತೆ ತೀರಾ ಚಿಕ್ಕದಾದರೆ ಸೀಳು ಹಾಗೇ ಉಳಿಯುತ್ತದೆ. ದೊಡ್ಡದಾದರೆ ಚಿಕ್ಕ ಎಲಿಮೆಂಟ್‌ಗಳು ಮುದುಡಿಹೋಗುತ್ತವೆ, ಬಾಗಿಲಿನ ಕೀಲಿನಂತೆ ಬೇರೆಯೇ ಇರಬೇಕಾದವೂ ಅಂಟಿಕೊಳ್ಳುತ್ತವೆ. ಅತಿ ಚಿಕ್ಕ ಅಂಚು 2 ಮಿಲಿಮೀಟರ್ ಇದ್ದರೆ ನಾನು 0.1 ಮಿಲಿಮೀಟರಿನಿಂದ ಶುರು ಮಾಡುತ್ತೇನೆ. ಸೇರಿಸಿದ ಮೇಲೆ ಅಂಚುಗಳನ್ನು ಮತ್ತೆ ನೋಡುತ್ತೇನೆ.

ಕೊನೆಗೊಂದು ಪರೀಕ್ಷೆ. ಎಲ್ಲಿಯೂ ಕಟ್ಟದೆ ಬಿಟ್ಟ ಒಂದು ವಸ್ತು ಮೂರು ದಿಕ್ಕಿಗೆ ಸರಿಯಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಹಾಗಾಗಿ ಅದರ ಕಂಪನದ ಲೆಕ್ಕದಲ್ಲಿ ಆರು ಸೊನ್ನೆಗಳು ಬರಬೇಕು. ಹನ್ನೆರಡು ಬಂದರೆ? ನೀವು ಒಂದೆಂದುಕೊಂಡದ್ದು ಎರಡು ತುಂಡಾಗಿದೆ ಎಂದರ್ಥ.

ಇದೆಲ್ಲ ಕಂಪ್ಯೂಟರಿನೊಳಗಿನ ಮಾತು ಎಂದುಕೊಳ್ಳಬೇಡಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದಲ್ಲಿ ಏನಾಯಿತು? 33 ಗೇಟುಗಳಲ್ಲಿ 19ನೆಯದರ ಚೈನ್ ಕಳಚಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ಮುಚ್ಚುವವರೆಗೆ ಕಾಲುವೆ ನಂಬಿದ ರೈತರು ಕಂಗಾಲಾಗಿದ್ದರು. ನನ್ನ ತಂತ್ರಾಂಶ ಇದ್ದಿದ್ದರೆ ಅದನ್ನು ತಡೆಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಅಣೆಕಟ್ಟಿನಲ್ಲೂ ಗೇಟಿನ ಗತಿ ಒಂದು ಕೊಂಡಿಯ ಮೇಲೆ ನಿಂತಿರುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಲೆಕ್ಕದಲ್ಲಿ ಕೊಂಡಿ ಬಿಟ್ಟಿದ್ದರೆ ಅದನ್ನು ನಂಬಿ ಕಟ್ಟಿದ ಭಾಗ ಒಂದು ದಿನ ಯಾರದೋ ತಲೆಯ ಮೇಲಿರುತ್ತದೆ, ಯಾರದೋ ಕಾಲ ಕೆಳಗಿರುತ್ತದೆ.

ಮಕ್ಕಳೇ, ನಿಮಗೆ ಹೇಳುವುದು ಇಷ್ಟು. ಚಿತ್ರ ಚೆಂದ ಬಂತೆಂದು ಉತ್ತರ ಸರಿ ಎನ್ನಬೇಡಿ. ಉತ್ತರ ಬಂದ ಮೇಲೆ ತಾಳೆ ನೋಡುವುದನ್ನು ಈ ಶಾಲೆ ಕಲಿಸುತ್ತದೆ, ಬಿಡಬೇಡಿ. ತಪ್ಪು ಸಿಕ್ಕರೆ ನೀವೇ ಮೊದಲು ಹೇಳಿ. ಬಾಯಿಪಾಠ ಮಾಡಿದ ಸೂತ್ರವನ್ನೂ ಎಸೆಯಬೇಡಿ, ಅರ್ಥ ಹಿಂದಿನಿಂದ ಬರುತ್ತದೆ.