ಕೊರಳೊಳಗಿನ ಕಂದೀಲು

ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಬೆಳೆದ ಹಿರಿಯರಿಗೆ ಹಗೇವು ಅಪರಿಚಿತವಲ್ಲ. ನೆಲದಡಿ ತೋಡಿದ ಆ ಕಣಜದಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನಾನು ಹುಡುಗನಾಗಿದ್ದಾಗ, ಹಗೇವು ತೆರೆದ ದಿನ ನಮ್ಮ ಅಜ್ಜ ಯಾರನ್ನೂ ಕೂಡಲೇ ಇಳಿಯಗೊಡುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಡುತ್ತಿದ್ದರು. ಅದು ಆರಿತೆಂದರೆ, “ಒಳಗ ಉಸಿರಿಲ್ಲ, ತಡೀರಿ” ಎನ್ನುತ್ತಿದ್ದರು.

ಆ ಮಾತು ಅಕ್ಷರಶಃ ಸತ್ಯ. ಕಾಳೂ ಉಸಿರಾಡುತ್ತದೆ, ಅದರೊಡನಿರುವ ಹುಳು, ಬೂಷ್ಟುಗಳೂ ಉಸಿರಾಡುತ್ತವೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕುಗ್ಗಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ.

ನಮ್ಮ ಕೊರಳಿನಲ್ಲಿಯೂ ಇಂಥ ಕಂದೀಲುಗಳಿವೆ. ತಲೆಗೆ ರಕ್ತವೊಯ್ಯುವ ಕೆರೋಟಿಡ್ ಧಮನಿ ಎರಡಾಗಿ ಕವಲೊಡೆಯುವಲ್ಲಿ, ಎಡಕ್ಕೊಂದು ಬಲಕ್ಕೊಂದು, ಜೋಳದ ಕಾಳಿಗಿಂತ ತುಸು ದೊಡ್ಡದಾದ ಅಂಗವಿದೆ. ಅದನ್ನು ಬಹುಕಾಲ ಒಂದು ಗ್ರಂಥಿಯೆಂದೇ ಎಣಿಸಿದ್ದರು. ಮ್ಯಾಡ್ರಿಡ್‌ನಲ್ಲಿ ಕಹಾಲ್ ಅವರ ಶಿಷ್ಯರಾಗಿದ್ದ ಫರ್ನಾಂಡೊ ಡಿ ಕ್ಯಾಸ್ಟ್ರೊ ಅದರ ನರಗಳ ಜಾಡು ಹಿಡಿದರು. ನರವನ್ನು ಕತ್ತರಿಸಿ, ಯಾವ ತಂತುಗಳು ಕ್ಷಯಿಸುತ್ತವೆ, ಯಾವುವು ಉಳಿಯುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಈ ನರ ಮೆದುಳಿನ ಆಜ್ಞೆಯನ್ನು ತರುವುದಲ್ಲ, ಅಂಗದ ಸುದ್ದಿಯನ್ನು ಮೆದುಳಿಗೆ ಒಯ್ಯುವುದು. ಈ ಅಂಗ ರಕ್ತದ ರುಚಿ ನೋಡುತ್ತದೆ ಎಂದು 1928ರಲ್ಲಿ ಪ್ರತಿಪಾದಿಸಿದರು. ಬೆಲ್ಜಿಯಂನ ಹೇಮನ್ಸ್ ಪ್ರಯೋಗಗಳಿಂದ ಅದನ್ನು ಸ್ಥಿರಪಡಿಸಿದರು. 1938ರ ನೊಬೆಲ್ ಪುರಸ್ಕಾರ ಅವರಿಗೆ ಸಂದಿತು.

ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಈ ಅಂಗದ ಕೋಶಗಳು ತಮ್ಮನ್ನು ಮುಟ್ಟಿಕೊಂಡಿರುವ ನರತುದಿಗಳ ಮೇಲೆ ರಾಸಾಯನಿಕಗಳನ್ನು ಸೂಸುತ್ತವೆ. ಅಲ್ಲಿಂದ ಸುದ್ದಿ ಒಂಬತ್ತನೆಯ ಕಪಾಲ ನರದ ಮೂಲಕ ಮೆದುಳಿನ ಬುಡವನ್ನು ಮುಟ್ಟುತ್ತದೆ, ಉಸಿರು ಬಿರುಸಾಗುತ್ತದೆ. ಇದೆಲ್ಲವೂ ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ವ್ಯವಹಾರ.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟಿಗೆ ಕೆಮ್ಮಿದವರು ಕೇಳಬಹುದು: ಗಾಳಿ ಕೆಟ್ಟಿದ್ದರೆ ತಿಳಿಯದೇ? ಘಾಟು ತಿಳಿಯುತ್ತದೆ, ಆಮ್ಲಜನಕದ ಅಭಾವಕ್ಕೆ ವಾಸನೆಯಿಲ್ಲ. ಕೊರಳ ಕಾವಲು ಕೂಗಿಕೊಂಡು ಉಸಿರನ್ನು ಹೆಚ್ಚಿಸಿದರೂ, ಒಳಬರುವ ಗಾಳಿಯಲ್ಲೇ ಜೀವವಾಯುವಿಲ್ಲದಿದ್ದರೆ ಫಲವೇನು? ಕೆಲವೇ ಉಸಿರುಗಳಲ್ಲಿ ಎಚ್ಚರ ತಪ್ಪಬಹುದು. ಬಿದ್ದವನನ್ನು ಎತ್ತಲು ಧಾವಿಸಿ ಇಳಿದವನೂ ಅಲ್ಲಿಯೇ ಉಳಿಯುತ್ತಾನೆ.

ಹಗೇವುಗಳು ಇಂದು ಬಹುಮಟ್ಟಿಗೆ ಮುಚ್ಚಿಹೋಗಿವೆ. ಆದರೆ ಹಾಳುಬಾವಿಗಳಿವೆ, ಮಲಗುಂಡಿಗಳಿವೆ. ಅವುಗಳಿಗೆ ಇಳಿಸಲ್ಪಡುವ ಬಡವರಿದ್ದಾರೆ. ಅಲ್ಲಿ ಕಂದೀಲೂ ಸಲ್ಲದು: ವಿಷವಾಯುವಿದ್ದರೂ ದೀಪ ಉರಿಯಬಹುದು, ಉರಿಯುವ ಅನಿಲಕ್ಕೆ ಅದೇ ಕಿಡಿಯಾಗಬಹುದು. ಸಲ್ಲುವುದು ಅಜ್ಜನ ಇನ್ನೊಂದು ಮಾತು: “ತಡೀರಿ.” ದೇಹದ ಕಾವಲು ಎಚ್ಚರಿಸುವುದು ಇಳಿದ ಮೇಲೆ. ಇಳಿಯುವ ಮೊದಲು ಎಚ್ಚರಿಸಬೇಕಾದವರು ದಂಡೆಯ ಮೇಲೆ ನಿಂತ ನಾವು.